ಬಾಗಿಲು ಹಿಡಿದು ನಿಂತವನು

ಜೊಂಬಿ (ಸತ್ತ ಮೇಲೂ ಎದ್ದು ಮನುಷ್ಯರನ್ನು ಕಚ್ಚಲು ಬರುವ ಹೆಣ) ಸಿನಿಮಾ ನೋಡಿ ಎದ್ದವನ ತಲೆಯಲ್ಲಿ ಸಾಮಾನ್ಯವಾಗಿ ಉಳಿಯುವುದು ರಕ್ತ, ಓಟ, ಒಡೆದ ಕಿಟಕಿಗಳಿಂದ ತೂರಿ ಬರುವ ಕೈಗಳು. ಜೆರೆಮಿ ಗಾರ್ಡ್ನರ್ ತಾನೇ ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರದಲ್ಲೂ ನಟಿಸಿದ 2012ರ ‘ದಿ ಬ್ಯಾಟರಿ’ಯನ್ನು ನೋಡಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಇಬ್ಬರು ಗಂಡಸರು ಹಲ್ಲುಜ್ಜುವ ದೃಶ್ಯ. ಅಮೆರಿಕದ ಈಶಾನ್ಯ ಮೂಲೆಯ ಹಳ್ಳಿಗಾಡಿನಲ್ಲಿ, ಜನವೆಲ್ಲ ಅಳಿದುಹೋದ ಮೇಲೆ ಗೊತ್ತುಗುರಿಯಿಲ್ಲದೆ ಅಲೆಯುತ್ತಿರುವ ಬೆನ್ ಮತ್ತು ಮಿಕ್ಕಿಯ ಕೈಗೆ ಬ್ರಶ್ಶು, ಪೇಸ್ಟು ಸಿಕ್ಕಿವೆ. ಅವರು ಉಜ್ಜುತ್ತಾರೆ. ಬಾಯಿ ತುಂಬ ನೊರೆ, ಆಡಲು ಮಾತಿಲ್ಲ, ದೃಶ್ಯ ಮುಂದಕ್ಕೆ ಹೋಗುವ ಲಕ್ಷಣವೂ ಇಲ್ಲ. ಇಷ್ಟು ಹೊತ್ತಿಗೆ ಏನಾದರೂ ಹಿಂದಿನಿಂದ ಬಂದು ಇವರ ಮೇಲೆ ಬೀಳಬೇಕಿತ್ತಲ್ಲ ಎಂದು ಕಾಯುತ್ತ ಕುಳಿತ ನನಗೆ, ಏನೂ ಬರುವುದಿಲ್ಲ ಎಂದು ಖಾತ್ರಿಯಾದಾಗ ನಗು ಬಂತು. ಬಹಳ ದಿನಗಳಿಂದ ಬಾಯಿ ಹೇಗಿದ್ದಿರಬಹುದು, ಈಗ ಹೇಗಿದೆ ಎಂಬುದು ಇಬ್ಬರ ಮುಖದಲ್ಲೂ ಅಷ್ಟು ನಿಚ್ಚಳವಾಗಿತ್ತು.

ಅದೇ ಸಿನಿಮಾದ ಇನ್ನೊಂದು ದೃಶ್ಯ ನಗಿಸುವಂಥದ್ದಲ್ಲ. ಅದರಲ್ಲಿ ಈ ಇಬ್ಬರಲ್ಲೊಬ್ಬ ಮಲಗುವ ಕೋಣೆಯ ಬಾಗಿಲನ್ನು ಹೊರಗಿನಿಂದ ಬಿಗಿಯಾಗಿ ಹಿಡಿದು ನಿಂತಿದ್ದಾನೆ, ಇನ್ನೊಬ್ಬ ಒಳಗೆ ಜೊಂಬಿಯ ಜೊತೆಗಿದ್ದಾನೆ. ಈ ಎರಡು ದೃಶ್ಯಗಳು ಅದೇ ಇಬ್ಬರು ಮನುಷ್ಯರ ನಡುವೆ ನಡೆಯುವುದು ಹೇಗೆ ಸಾಧ್ಯ, ಮತ್ತು ನಡೆದಾಗ ಅದು ಪೂರ್ತಿ ಸಹಜವೆನಿಸುವುದು ಯಾಕೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. (ಕತೆಯ ಕೊನೆಯನ್ನೂ ಇಲ್ಲಿ ಚರ್ಚಿಸಿದ್ದೇನೆ. ಬೇಡವೆನಿಸಿದವರು ಸಿನಿಮಾ ನೋಡಿ ಬಂದು ಮುಂದುವರಿಯಬಹುದು.)

ಬೆನ್ ಮತ್ತು ಮಿಕ್ಕಿ ಆಪ್ತ ಗೆಳೆಯರೇನಲ್ಲ. ಒಂದೇ ಬೇಸ್‌ಬಾಲ್ ತಂಡದಲ್ಲಿ ಆಡುತ್ತಿದ್ದವರು. ಮಿಕ್ಕಿ ಚೆಂಡೆಸೆಯುವ ಪಿಚರ್, ಬೆನ್ ಅದನ್ನು ಹಿಡಿಯುವ ಕ್ಯಾಚರ್, ಆ ಆಟದಲ್ಲಿ ಈ ಜೋಡಿಗಿರುವ ಹೆಸರೇ ಸಿನಿಮಾದ ಹೆಸರು. ಲೋಕ ಮುಳುಗುವ ಹೊತ್ತಿಗೆ ಪಕ್ಕದಲ್ಲಿದ್ದವನು ಇವನು ಎಂಬುದಕ್ಕಿಂತ ಹೆಚ್ಚಿನ ನಂಟು ಅವರಿಗಿಲ್ಲ. ಬೆನ್ ಗಡ್ಡ ಬಿಟ್ಟುಕೊಂಡು, ಸಿಕ್ಕಿದ್ದನ್ನು ತಿಂದು, ಎದುರು ಬಂದ ಜೊಂಬಿಯ ತಲೆ ಒಡೆದು, ಆ ಮೇಲೆ ಒಂದು ಪೋಲಿ ಜೋಕು ಹೇಳಿ ಮುಂದೆ ನಡೆಯುವವನು. ಮಿಕ್ಕಿ ಒಂದು ಜೊಂಬಿಯನ್ನೂ ಕೊಂದಿಲ್ಲ. ಕಿವಿಗೆ ಹೆಡ್‌ಫೋನು ಏರಿಸಿಕೊಂಡು ಹಳೆಯ ಸಿ.ಡಿ.ಗಳ ಹಾಡು ಕೇಳುತ್ತ ಬೆನ್ನಿನ ಹಿಂದೆ ಏನಾಗುತ್ತಿದೆ ಎಂದು ತಿರುಗಿಯೂ ನೋಡದೆ ನಡೆಯುತ್ತಾನೆ. ಅಂಗಡಿಗಳಲ್ಲಿ ಸಿಕ್ಕಿದ ಲಾಟರಿ ಟಿಕೆಟ್ಟುಗಳನ್ನು ಕೆರೆದು ನೋಡುವ ಚಾಳಿಯೂ ಅವನಿಗಿದೆ. ಬಹುಮಾನ ಬಂದರೆ ಹಣ ಕೊಡುವವರು ಯಾರೂ ಉಳಿದಿಲ್ಲ, ಅದು ಅವನಿಗೂ ಗೊತ್ತಿದೆ.

ಆರು ಸಾವಿರ ಡಾಲರು

ಈ ಚಿತ್ರದ ಬಗ್ಗೆ ಬರೆದವರು ಮೊದಲು ಎತ್ತುವ ಮಾತು ಅದರ ಬಜೆಟ್ಟು: 6,000 ಡಾಲರು, ಆಗಿನ ದರದಲ್ಲಿ ಸುಮಾರು ಮೂರು ಲಕ್ಷ ರೂಪಾಯಿ. ಈ ಅಂಕಿ ನನ್ನ ಗಮನ ಸೆಳೆದದ್ದು ಬೇರೆ ಕಾರಣಕ್ಕೆ. ಈ ಬಗೆಯ ಚಿತ್ರಗಳಿಗೆಲ್ಲ ದಾರಿ ಹಾಕಿಕೊಟ್ಟ ಜಾರ್ಜ್ ರೊಮೆರೊ 1968ರಲ್ಲಿ ತೆರೆಕಂಡ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಮಾಡಲು ಹೊರಟಾಗ, ಪಿಟ್ಸ್‌ಬರ್ಗ್‌ನಲ್ಲಿ ಹತ್ತು ಜನ ಸೇರಿ ತಲಾ 600 ಡಾಲರು ಹಾಕಿ ಕಂಪನಿ ಕಟ್ಟಿದರು. ಅವರ ಮೊದಲ ಗಂಟೂ 6,000 ಡಾಲರೇ. ಅದು ಸಾಲದೆ ಇನ್ನಷ್ಟು ಜನರಿಂದ ಹಣ ಎತ್ತಿ, ಒಟ್ಟು ಖರ್ಚು ಸುಮಾರು 1,14,000 ಡಾಲರಿಗೆ ಮುಟ್ಟಿತು. ಜಾಹೀರಾತು ಚಿತ್ರ ಮಾಡಿಕೊಂಡಿದ್ದ ಆ ತಂಡಕ್ಕೆ ಹೇಗೂ ಕೆಡವಲಿದ್ದ ಒಂದು ಹಳೆಯ ತೋಟದ ಮನೆ ಸಿಕ್ಕಿತು, ಹಾಗಾಗಿ ಅದರ ಗೋಡೆ ಬಾಗಿಲುಗಳನ್ನು ಹಾಳುಗೆಡಹಲು ಯಾರ ಅಡ್ಡಿಯೂ ಇರಲಿಲ್ಲ. ಕಪ್ಪು-ಬಿಳುಪಿನಲ್ಲಿ ರಕ್ತವಾಗಿ ಕಂಡದ್ದು ಚಾಕೊಲೇಟ್ ಸಿರಪ್ಪು. ರೊಮೆರೊ ತಂಡಕ್ಕೆ ಆರಂಭಕ್ಕೂ ಸಾಲದೆ ಹೋದ ಮೊತ್ತದಲ್ಲಿ ಗಾರ್ಡ್ನರ್ ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ ಇಡೀ ಸಿನಿಮಾ ಮುಗಿಸಿದ್ದಾನೆ. ಬೆಲೆಯೇರಿಕೆಯನ್ನು ಲೆಕ್ಕ ಹಿಡಿದರೆ ಅವನ ಕೈಯಲ್ಲಿದ್ದದ್ದು ಆ ಮೊದಲ ಗಂಟಿನ ಆರನೆಯ ಒಂದು ಭಾಗಕ್ಕಿಂತಲೂ ಕಡಿಮೆ.

ಬಡತನ ಕಲ್ಪನೆಯನ್ನು ಹರಿತಗೊಳಿಸುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಣವಿಲ್ಲದೆ ತೆಗೆದ ಜೊಂಬಿ ಚಿತ್ರಗಳಲ್ಲಿ ಬಹುಪಾಲು ಬರೀ ಕೆಟ್ಟ ಚಿತ್ರಗಳು. ಕತ್ತಲೆ, ಕೂಗಾಟ, ಬಣ್ಣದ ನೀರು, ಅಷ್ಟಕ್ಕೇ ಅವುಗಳ ಕತೆ ಮುಗಿಯುತ್ತದೆ. ಎದ್ದು ನಿಂತ ಕೆಲವು ಚಿತ್ರಗಳು ತಮಗೆ ಯಾವುದು ಇಲ್ಲ ಎಂಬುದನ್ನು ಮರೆಮಾಚುವ ಬದಲು, ತಮ್ಮ ಬಳಿ ಇರುವುದು ಏನು ಎಂದು ಕೇಳಿಕೊಂಡವು. ಬರೀ 45 ಪೌಂಡಿನಲ್ಲಿ ಆಯಿತೆಂದು ಹೆಸರಾದ ಮಾರ್ಕ್ ಪ್ರೈಸ್‌ನ ‘ಕಾಲಿನ್’ (2008) ಜೊಂಬಿಯನ್ನೇ ನಾಯಕನನ್ನಾಗಿ ಮಾಡಿಕೊಂಡು ಅವನ ಹಿಂದೆ ನಡೆಯಿತು. ಸುಮಾರು 30 ಲಕ್ಷ ಯೆನ್ನಿನಲ್ಲಿ ತಯಾರಾದ ಜಪಾನಿನ ‘ಒನ್ ಕಟ್ ಆಫ್ ದಿ ಡೆಡ್’ (2017) ಚಿತ್ರೀಕರಣದ ಪಡಿಪಾಟಲನ್ನೇ ಕತೆಯಾಗಿಸಿಕೊಂಡಿತು. ಗಾರ್ಡ್ನರ್ ಬಳಿ ಇದ್ದದ್ದು ಇಬ್ಬರು ನಟರು: ಬೆನ್ ಆಗಿ ತಾನು, ಮಿಕ್ಕಿಯಾಗಿ ಚಿತ್ರದ ನಿರ್ಮಾಪಕನೂ ಆದ ಆಡಮ್ ಕ್ರೋನ್‌ಹೈಮ್. ನೂರಾರು ಜೊಂಬಿಗಳಿಗೆ ಬಣ್ಣ ಬಳಿಯುವುದಕ್ಕೆ, ಬೀದಿ ಮುಚ್ಚಿಸುವುದಕ್ಕೆ, ಕಾರು ಉರುಳಿಸುವುದಕ್ಕೆ ಹಣ ಬೇಕು. ಎದುರಿಗಿರುವ ಇಬ್ಬರ ಮೇಲಿಂದ ಕ್ಯಾಮೆರಾ ತೆಗೆಯದೆ ಇನ್ನೆರಡು ನಿಮಿಷ ಸುಮ್ಮನಿರುವುದಕ್ಕೆ ಯಾವ ಖರ್ಚೂ ಇಲ್ಲ. ದೊಡ್ಡ ಬಜೆಟ್ಟಿನ ಚಿತ್ರದಲ್ಲಿ ಹಲ್ಲುಜ್ಜುವ ದೃಶ್ಯವಿದ್ದರೆ ಅದು ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ, ಇಲ್ಲವೇ ಕನ್ನಡಿಯಲ್ಲಿ ಏನಾದರೂ ಕಾಣಿಸುತ್ತದೆ. ಇಲ್ಲಿ ಹಲ್ಲುಜ್ಜುವುದು ಹಲ್ಲುಜ್ಜುವುದೇ. ಅಷ್ಟು ಹೊತ್ತು ನೋಡಿದ ಮೇಲೆ ಆ ಇಬ್ಬರು ಯಾರು, ಒಬ್ಬರ ಪಕ್ಕ ಒಬ್ಬರು ಎಷ್ಟು ಕಾಲದಿಂದ ಇದ್ದಾರೆ ಎಂಬುದನ್ನು ಯಾರೂ ಹೇಳಬೇಕಾಗುವುದಿಲ್ಲ.

ಈ ಧಾರಾಳ ಎಲ್ಲ ಕಡೆಯೂ ಫಲಿಸಿಲ್ಲ ಎಂಬುದನ್ನೂ ಹೇಳಬೇಕು. ಹಾಡು ಹಾಕಿ ಇಬ್ಬರನ್ನೂ ಹಸಿರು ದಾರಿಗಳಲ್ಲಿ ನಡೆಸುವ ತುಣುಕುಗಳಲ್ಲಿ ಕೆಲವು ಅನಗತ್ಯವಾಗಿ ಉದ್ದವಾಗಿವೆ. 101 ನಿಮಿಷದ ಚಿತ್ರದಿಂದ ಹತ್ತು ನಿಮಿಷ ತೆಗೆದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಯಾವ ಹತ್ತು ನಿಮಿಷ ಎಂದು ಕೇಳಿದರೆ ನೋಡಿದವರೆಲ್ಲ ಬೇರೆ ಬೇರೆ ಉತ್ತರ ಕೊಡುತ್ತಾರೆ. ಕೊನೆಯ ಕಾರಿನ ಭಾಗವನ್ನೇ ಕತ್ತರಿಸಬೇಕಿತ್ತು ಎನ್ನುವವರನ್ನೂ ಬಲ್ಲೆ, ಅವರ ಜೊತೆ ನನಗೆ ಮಾತಿಲ್ಲ.

ಮನೆಯೋ, ದಾರಿಯೋ

ರೊಮೆರೊನ ಚಿತ್ರದಲ್ಲಿ ಜೊಂಬಿಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವುದು ಅವು ಸುತ್ತುವರಿದ ಆ ತೋಟದ ಮನೆಯೊಳಗೆ ಸಿಕ್ಕಿಬಿದ್ದವರ ಒಂದು ಜಗಳ. ಡ್ವೇನ್ ಜೋನ್ಸ್ ನಟಿಸಿದ ನಾಯಕ (ಅವನ ಹೆಸರೂ ಬೆನ್) ಮನೆಯ ಕಿಟಕಿಗಳಿಗೆ ಹಲಗೆ ಬಡಿದು ಮೇಲೆಯೇ ಇರೋಣ ಎನ್ನುತ್ತಾನೆ. ಹೆಂಡತಿ ಮಗಳೊಡನೆ ಬಂದ ಹ್ಯಾರಿ ಕೂಪರ್ ನೆಲಮಾಳಿಗೆಯಲ್ಲಿ ಬಾಗಿಲು ಹಾಕಿಕೊಂಡು ಕೂರೋಣ ಎನ್ನುತ್ತಾನೆ. ನಾವು ನೋಡುಗರು ಹಿಂದೆಮುಂದೆ ನೋಡದೆ ಬೆನ್ ಪಕ್ಷ ಸೇರುತ್ತೇವೆ. ಅವನು ಧೈರ್ಯಸ್ಥ, ಚುರುಕು, ಹ್ಯಾರಿಯೋ ಸಿಡುಕ, ಸ್ವಾರ್ಥಿ. ಕೊನೆಗೆ ಮೇಲಿನ ಮನೆ ಕೈಬಿಟ್ಟುಹೋದಾಗ ಬೆನ್ ಜೀವ ಉಳಿಸಿಕೊಳ್ಳುವುದು ಅದೇ ನೆಲಮಾಳಿಗೆಯಲ್ಲಿ. ಬೆಳಗಾದ ಮೇಲೆ ರಕ್ಷಣೆಗೆಂದು ಬಂದವರೇ ಅವನನ್ನು ಜೊಂಬಿಯೆಂದು ತಿಳಿದು ಗುಂಡು ಹೊಡೆಯುವುದು ಬೇರೆ ಮಾತು. ನಮಗೆ ಇಷ್ಟವಾದವನು ಹೇಳಿದ ಉಪಾಯವೇ ಸರಿಯಾದ ಉಪಾಯ ಆಗಬೇಕಿಲ್ಲ ಎಂಬ ಈ ಕಹಿಯನ್ನು ಆಮೇಲೆ ಬಂದ ಎಷ್ಟೋ ಚಿತ್ರಗಳು ಮರೆತಿವೆ.

‘ದಿ ಬ್ಯಾಟರಿ’ ಅದನ್ನು ಮರೆತಿಲ್ಲ. ಇಲ್ಲಿಯೂ ಜಗಳ ಅಂಥದ್ದೇ. ಎಲ್ಲಿಯೂ ನೆಲೆ ನಿಲ್ಲಬಾರದು ಎಂಬುದು ಬೆನ್‌ನ ನಿಯಮ. ಹಿಂದೊಮ್ಮೆ ಮುಚ್ಚಿದ ಮನೆಯೊಂದರಲ್ಲಿ ಸಿಕ್ಕಿಬಿದ್ದು ಕಳೆದ ಕಾಲದ ನೆನಪು ಅವನಿಗೆ ಸಾಕಾಗಿದೆ. ಮಿಕ್ಕಿಗೆ ಒಂದು ಮನೆ ಬೇಕು, ಹಾಸಿಗೆ ಬೇಕು, ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಬೇಕು. ಕೇಳಲು ಇದು ತಂತ್ರದ ವಿಷಯವಾಗಿ ತೋರುತ್ತದೆ. ಆದರೆ ದೃಶ್ಯದಿಂದ ದೃಶ್ಯಕ್ಕೆ ಇವರ ಕಿತ್ತಾಟ ಬೇರೆಯದೇ ಜಾಗಕ್ಕೆ ಸರಿಯುತ್ತದೆ. ಹೋದದ್ದು ಹೋಯಿತು ಎಂದು ಬೆನ್ ಒಪ್ಪಿಕೊಂಡಾಗಿದೆ. ಒಪ್ಪಿಕೊಂಡದ್ದಷ್ಟೇ ಅಲ್ಲ, ಈ ಹೊಸ ಬದುಕು ಅವನಿಗೆ ಒಗ್ಗಿದೆ, ಹಳೆಯದಕ್ಕಿಂತ ಚೆನ್ನಾಗಿಯೇ ಒಗ್ಗಿದೆ ಎಂಬ ಗುಮಾನಿ ಬರುತ್ತದೆ. ಕುಡಿದು, ಮಿಕ್ಕಿಯ ಹೆಡ್‌ಫೋನು ಹಾಕಿಕೊಂಡು ಅವನು ಕುಣಿಯುವುದನ್ನು ನೋಡಿದರೆ ಲೋಕ ಮುಳುಗಿದ್ದರಿಂದ ನಷ್ಟವಾಗದ ಒಬ್ಬನೇ ಒಬ್ಬ ಮನುಷ್ಯ ಇವನು ಎನಿಸುತ್ತದೆ. ಮೊದಲ ಸಲ ನೋಡುವಾಗ ನಾನು ಅವನೊಡನೆ ನಕ್ಕೆ. ಎರಡನೆಯ ಸಲ ಆ ಕುಣಿತ ನೋಡುವಾಗ ಸ್ವಲ್ಪ ಹೆದರಿಕೆಯಾಯಿತು.

ಮಿಕ್ಕಿಯ ಹಟವನ್ನು ಪುಕ್ಕಲುತನವೆಂದು ತಿಳಿಯುವುದು ಸುಲಭ. ಬೆನ್ ಹಾಗೆಯೇ ತಿಳಿದಿದ್ದಾನೆ. ನನಗೆ ಕಾಣುವುದು ಹೀಗೆ: ಮಿಕ್ಕಿ ಈ ಲೋಕದ ಕಾಯಂ ನಿವಾಸಿಯಾಗಲು ಒಲ್ಲದವನು. ಒಂದು ಜೊಂಬಿಯನ್ನು ಕೈಯಾರೆ ಕೊಂದರೆ ತಾನೂ ಈ ಲೋಕದವನೇ ಎಂದು ಸಹಿ ಹಾಕಿದಂತೆ, ಅದಕ್ಕೇ ಅವನು ಕೊಲ್ಲುವುದಿಲ್ಲ. ಹಾಗೆಂದು ಚಿತ್ರ ಅವನನ್ನು ಸಂತನನ್ನಾಗಿಯೂ ಮಾಡಿಲ್ಲ. ಕಾರಿನ ಗಾಜಿಗೆ ಮೈಯೊತ್ತಿ ನಿಂತ ಜೊಂಬಿ ಹೆಂಗಸೊಬ್ಬಳನ್ನು ನೋಡುತ್ತ ಅವನು ಒಳಗೆ ಕುಳಿತು ತನ್ನ ಬಯಕೆ ತೀರಿಸಿಕೊಳ್ಳಲು ತೊಡಗುವುದು, ಅದು ಬೆನ್ ಕಣ್ಣಿಗೆ ಬೀಳುವುದು, ಬೆನ್ ನಗುವುದು, ಇವೆಲ್ಲ ಬರುವ ದೃಶ್ಯ ಅಸಹ್ಯವೂ ಹೌದು, ಇಡೀ ಚಿತ್ರದಲ್ಲಿ ಒಂಟಿತನವನ್ನು ಅಷ್ಟು ನೇರವಾಗಿ ತೋರಿಸಿದ ಮತ್ತೊಂದು ದೃಶ್ಯವಿಲ್ಲ ಎಂಬುದೂ ಹೌದು. ನಮ್ಮಲ್ಲಿ ಇದನ್ನು ಮನೆಮಂದಿಯ ಜೊತೆ ಕುಳಿತು ನೋಡುವ ಸಾಹಸ ಯಾರೂ ಮಾಡದಿರುವುದು ಒಳ್ಳೆಯದು.

ಕೋಣೆಯೊಳಗೆ

ಇನ್ನು ಆ ಬಾಗಿಲಿನ ವಿಷಯ. ಬಹಳ ಹಟ ಹಿಡಿದ ಮೇಲೆ ಮಿಕ್ಕಿಗೆ ಒಂದು ಮನೆಯಲ್ಲಿ ಮಲಗುವ ಅವಕಾಶ ಸಿಕ್ಕಿದೆ. ಹಾಸಿಗೆಯ ಮೇಲೆ ಒಬ್ಬ ಮನುಷ್ಯ ನಿಜವಾಗಿ ನಿದ್ದೆ ಹೋಗಿರುವುದನ್ನು ನಾವು ನೋಡುತ್ತೇವೆ. ಬೆನ್ ಹೊರಗಿನಿಂದ ಒಂದು ಜೊಂಬಿಯನ್ನು ಕರೆತಂದು ಆ ಕೋಣೆಯೊಳಕ್ಕೆ ಬಿಟ್ಟು ಬಾಗಿಲೆಳೆದುಕೊಳ್ಳುತ್ತಾನೆ. ಎಚ್ಚೆತ್ತ ಮಿಕ್ಕಿ ಕಿರುಚುತ್ತಾನೆ, ತಪ್ಪಿಸಿಕೊಳ್ಳಲು ನೋಡುತ್ತಾನೆ, ಬಾಗಿಲು ತೆರೆಯುವುದಿಲ್ಲ. ಕೊನೆಗೆ ಕೊಲ್ಲುತ್ತಾನೆ. ಬಾಗಿಲು ತೆರೆದಾಗ ಬೆನ್ ಮುಖದಲ್ಲಿ ಇರುವುದು ಶಿಷ್ಯ ಪಾಸಾದನೆಂಬ ಖುಷಿ, ಮಿಕ್ಕಿಯ ಮುಖದಲ್ಲಿ ಇರುವುದನ್ನು ದ್ವೇಷ ಎಂದರೂ ಕಡಿಮೆಯೇ.

ಈ ಚಿತ್ರವನ್ನು ನಾನು ಎರಡನೆಯ ಸಲ ನೋಡಿದ್ದು ಪುತ್ತೂರಿನಲ್ಲಿ, ಅಕ್ಕನ ಮನೆಯಲ್ಲಿ, ಭಾವನ ಜೊತೆ. ಭಾವ ಸಿನಿಮಾ ಹುಚ್ಚಿನವರಲ್ಲ. ತೋಟದ ಕೆಲಸ ಮುಗಿಸಿ ಬಂದು, ನಾನು ಲ್ಯಾಪ್‌ಟಾಪಿನಲ್ಲಿ ಏನು ನೋಡುತ್ತಿದ್ದೇನೆ ಎಂದು ಬಗ್ಗಿದವರು ಅಲ್ಲೇ ಕುಳಿತುಬಿಟ್ಟರು. ಈ ದೃಶ್ಯ ಬಂದಾಗ ನಾನು ಮುಖ ಸಿಂಡರಿಸಿದ್ದನ್ನು ನೋಡಿ, “ಅಲ್ಲ ಮಾರಾಯ, ಅವ ಮಾಡಿದ್ದರಲ್ಲಿ ತಪ್ಪೇನುಂಟು? ಬಾಗಿಲು ಹಿಡಿಯದಿದ್ದರೆ ಆ ಹುಡುಗ ಇನ್ನೊಂದು ವಾರ ಉಳೀತಿರಲಿಲ್ಲ” ಎಂದರು. ನಾನು ಈಜು ಕಲಿತ ಕತೆಯನ್ನೂ ಜೊತೆಗೇ ತೆಗೆದರು. ಅದು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾದ ಕತೆ: ಅಜ್ಜನ ಮನೆಯ ಕೆರೆಯಲ್ಲಿ ಮೆಟ್ಟಿಲು ಬಿಟ್ಟು ಕೆಳಗಿಳಿಯದ ನನ್ನನ್ನು ಮಾವ ಒಂದು ದಿನ ಎತ್ತಿ ನಡುನೀರಿಗೆ ಹಾಕಿದ್ದು, ನಾನು ಕೈಕಾಲು ಬಡಿದು ಹೇಗೋ ದಡ ಸೇರಿದ್ದು, ಅದರ ಮರುವಾರವೇ ಆಚೆ ದಡಕ್ಕೆ ಹೋಗಿ ಬಂದದ್ದು. ಭಾವ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ದಿನದಿಂದ ನನಗೆ ಉಳಿದಿರುವುದು ನೀರಿನ ನೆನಪಲ್ಲ. ತಲೆ ಮೇಲೆತ್ತಿದಾಗೊಮ್ಮೆ ಕಂಡ ಮಾವ, ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಅಡಕೆ ಜಗಿಯುತ್ತ, ಪಕ್ಕದವರಿಗೆ ನನ್ನನ್ನು ತೋರಿಸಿ ಏನೋ ಹೇಳುತ್ತಿದ್ದದ್ದು. ಮುಳುಗಲು ಬಿಡುತ್ತಿರಲಿಲ್ಲ ಎಂಬುದು ಈಗ ಗೊತ್ತು, ಆಗ ಗೊತ್ತಿರಲಿಲ್ಲ. ಈಜು ಬಂತು. ಆ ಮಾವನ ಜೊತೆ ಮತ್ತೆ ನಾನು ನೀರಿಗಿಳಿಯಲಿಲ್ಲ.

ಗಾರ್ಡ್ನರ್ ಈ ದೃಶ್ಯವನ್ನು ತೂಗಿದ ರೀತಿಯನ್ನು ನಾನು ಮೆಚ್ಚುವುದು ಅದಕ್ಕೇ. ಬೆನ್ ಮಾಡಿದ್ದು ಕ್ರೌರ್ಯ ಎಂದು ತೀರ್ಪು ಕೊಡುವ ಒಂದು ಮಾತೂ ಚಿತ್ರದಲ್ಲಿಲ್ಲ, ಒಳ್ಳೆಯದಕ್ಕೇ ಮಾಡಿದ ಎಂದು ಸಮಾಧಾನ ಹೇಳುವ ಮಾತೂ ಇಲ್ಲ. ಬೆನ್‌ಗೆ ಮಿಕ್ಕಿ ಬೇಕು, ಬದುಕಿರಬೇಕು. ಅವನಿಲ್ಲದಿದ್ದರೆ ಜೋಕು ಹೇಳಲೂ ಯಾರಿಲ್ಲ. ಆದ್ದರಿಂದ ಮಿಕ್ಕಿ ತನ್ನಂತೆಯೇ ಆಗಬೇಕೆಂಬುದು ಅವನ ಒತ್ತಾಯ. ತನ್ನ ದುಃಖವನ್ನು ತಾನು ಹೂತುಹಾಕಿದ ಕಡೆಯಲ್ಲೇ ಇನ್ನೊಬ್ಬನೂ ಹೂಳಬೇಕು ಎನ್ನುವ ಈ ಒತ್ತಾಯ ಸಾವು ನಡೆದ ಎಷ್ಟೋ ಮನೆಗಳಲ್ಲಿ ಕಾಣುವಂಥದ್ದೇ. ಬೇಗ ಎದ್ದು ಓಡಾಡತೊಡಗಿದವರಿಗೆ ಮೂಲೆಯಲ್ಲಿ ಕುಳಿತೇ ಇರುವವರನ್ನು ಕಂಡರೆ ಸಹನೆ ಇರುವುದಿಲ್ಲ.

ಕಾರಿನೊಳಗೆ

ಕತೆಗೆ ಚಾಲನೆ ಸಿಗುವುದು ವಾಕಿಟಾಕಿಯಿಂದ. ಅದರಲ್ಲಿ ಇವರಿಗೆ ಬೇರೆ ಜನರ ದನಿ ಕೇಳಿಸುತ್ತದೆ. ಎಲ್ಲೋ ಒಂದು ಸುರಕ್ಷಿತ ನೆಲೆಯಿದೆ, ಅಲ್ಲಿ ಆ್ಯನಿ ಎಂಬ ಹೆಂಗಸಿದ್ದಾಳೆ. ಬರಬೇಡಿ, ನಿಮಗಿಲ್ಲಿ ಜಾಗವಿಲ್ಲ ಎಂದು ಅವಳು ಸ್ಪಷ್ಟವಾಗಿ ಹೇಳಿದರೂ ಮಿಕ್ಕಿ ಆ ದನಿಗೇ ಅಂಟಿಕೊಳ್ಳುತ್ತಾನೆ. ಕೊನೆಗೆ ಆ ಗುಂಪಿನವರೊಡನೆ ನಡುರಸ್ತೆಯಲ್ಲಿ ಮುಖಾಮುಖಿಯಾದಾಗ ಬೆನ್ ಕಾಲಿಗೆ ಗುಂಡು ಬೀಳುತ್ತದೆ, ಕಾರಿನ ಕೀಲಿಕೈ ಪೊದೆಗಳ ಕಡೆಗೆ ಎಸೆಯಲ್ಪಡುತ್ತದೆ, ಇಬ್ಬರೂ ತಮ್ಮ ಹಳೆಯ ವೋಲ್ವೋ ಕಾರಿನೊಳಗೆ ಸೇರಿಕೊಳ್ಳುತ್ತಾರೆ. ಜೊಂಬಿಗಳು ಸುತ್ತುವರಿಯುತ್ತವೆ. ಚಿತ್ರದ ಉಳಿದ ಭಾಗ ಬಹುಪಾಲು ಆ ಕಾರಿನ ಒಳಗೆ. (ಆ್ಯನಿಯ ಪಾತ್ರ ಇಷ್ಟೇ: ಒಂದು ದನಿ, ಆಮೇಲೆ ಒಂದು ಬಂದೂಕು. ಇಬ್ಬರು ಗಂಡಸರಿಗೆ ಇಷ್ಟೊಂದು ಸಮಯ ಕೊಟ್ಟ ಚಿತ್ರ ಅವಳಿಗೆ ಇನ್ನೈದು ನಿಮಿಷ ಕೊಡಬಹುದಿತ್ತು. ಇದನ್ನು ಬಜೆಟ್ಟಿನ ಲೆಕ್ಕಕ್ಕೆ ಹಾಕಿ ಕ್ಷಮಿಸಲು ನನಗಾಗುವುದಿಲ್ಲ.)

ಕಾರು ಸೇರಿದ ಮೇಲೆ ಚಿತ್ರ ಬೆನ್‌ನ ನಿಯಮವನ್ನೂ ಮಿಕ್ಕಿಯ ಆಸೆಯನ್ನೂ ಒಂದೇ ಏಟಿಗೆ ಅಣಕಿಸುತ್ತದೆ. ನಿಲ್ಲದೆ ಚಲಿಸುತ್ತಿರಬೇಕು ಎನ್ನುತ್ತಿದ್ದವನು ಚಲಿಸಲೆಂದೇ ಇರುವ ಗಾಡಿಯೊಳಗೆ ಅಲ್ಲಾಡದೆ ಬಿದ್ದಿದ್ದಾನೆ. ನಾಲ್ಕು ಗೋಡೆ ಬೇಕೆನ್ನುತ್ತಿದ್ದವನಿಗೆ ಅವು ಸಿಕ್ಕಿವೆ, ಮೈ ಚಾಚುವಷ್ಟು ಜಾಗವಿಲ್ಲ. ಹೊರಗಿನವು ಗಾಜಿಗೆ ಕೈ ಬಡಿಯುತ್ತಲೇ ಇರುತ್ತವೆ, ಆ ಸದ್ದು ಮೊದಲು ಭೀಕರವಾಗಿ, ಬರಬರುತ್ತ ಪಿರಿಪಿರಿಯಾಗಿ, ಕೊನೆಗೆ ಸೂರಿನ ಮೇಲಿನ ಮಳೆಯಷ್ಟೇ ಪರಿಚಿತವಾಗಿ ಕೇಳಿಸತೊಡಗುತ್ತದೆ. ಒಳಗೆ ಇವರು ಕುಡಿಯುತ್ತಾರೆ, ಹರಟುತ್ತಾರೆ, ಜಗಳವಾಡುತ್ತಾರೆ, ನಗುತ್ತಾರೆ. ದುಡ್ಡಿಲ್ಲದ ಕಾರಣಕ್ಕೆ ಒಂದು ಕಾರಿನಷ್ಟು ಕುಗ್ಗಿದ ಸೆಟ್ಟಿನಲ್ಲಿ, ಕೋಣೆಯ ಘಟನೆಯ ನಂತರ ಒಬ್ಬರ ಮುಖ ಒಬ್ಬರು ನೋಡಲಾಗದಿದ್ದ ಈ ಇಬ್ಬರಿಗೆ ತಿರುಗಿ ಹೋಗಲು ಬೇರೆ ಜಾಗವೇ ಇಲ್ಲ. ಅವರು ಗೆಳೆಯರಾಗುವುದು, ಆಗುವುದಾದರೆ, ಇಲ್ಲಿ.

ಬೆನ್ ಕಾಲು ಕೆಲಸಕ್ಕೆ ಬಾರದ್ದರಿಂದ ಕೀಲಿಕೈ ಹುಡುಕಲು ಹೊರಗೆ ಹೋಗುವವನು ಮಿಕ್ಕಿ. ಅವನು ಹೋದ ಮೇಲೆ ಕ್ಯಾಮೆರಾ ಬೆನ್ ಮೇಲೆ ನಿಂತದ್ದು ಹತ್ತು ನಿಮಿಷದ ಆಸುಪಾಸು ಕತ್ತರಿಯಿಲ್ಲದೆ ಹಾಗೆಯೇ ಇರುತ್ತದೆ. ಈ ಶಾಟಿನಲ್ಲಿ ಗಾರ್ಡ್ನರ್‌ನ ನಟನೆ ಬಹಳ ಹದವಾದದ್ದು. ಅವನು ಕೇಳಿಸಿಕೊಳ್ಳುತ್ತಾನೆ, ಅಷ್ಟೇ ಅವನ ಕೆಲಸ. ಇಡೀ ಚಿತ್ರದಲ್ಲಿ ಬಾಯಿ ಮುಚ್ಚದ ಬೆನ್ ಇಲ್ಲಿ ಸುಮ್ಮನಿದ್ದಾನೆ, ಅವನು ಅಷ್ಟು ದಿನ ಆಡಿದ ಜೋಕುಗಳೆಲ್ಲ ಎಂಥ ಮೌನವನ್ನು ಮುಚ್ಚಿಡಲು ಬೇಕಾಗಿದ್ದವು ಎಂಬುದು ಆಗ ತಿಳಿಯುತ್ತದೆ. ಮಿಕ್ಕಿ ವಾಪಸು ಬರುತ್ತಾನೆ, ಆದರೆ ಕಚ್ಚಿಸಿಕೊಂಡು ಬಂದಿರುತ್ತಾನೆ, ಕಚ್ಚಿಸಿಕೊಂಡವನು ತಾನೂ ಜೊಂಬಿಯಾಗುತ್ತಾನೆ. ಮುಂದಿನದನ್ನು ಬೆನ್ ಮಾಡಲೇಬೇಕು. ಕೊಲ್ಲುವುದು ಬೆಳಗಿನ ಮುಖ ತೊಳೆದಷ್ಟೇ ಸಲೀಸಾಗಿದ್ದವನಿಗೆ ಅದು ಈಗ ಹೇಗಿರುತ್ತದೆ ಎಂದು ನೋಡಲು ಚಿತ್ರ ನಮ್ಮನ್ನು ಅಲ್ಲೇ ಕೂರಿಸುತ್ತದೆ.

ಸಿನಿಮಾ ಮುಗಿದ ಮೇಲೆ ಭಾವ ಗೆದ್ದವರಂತೆ ನೋಡಿದರು. ಕೋಣೆಯಲ್ಲಿ ಆ ಪಾಠ ಆಗದಿದ್ದರೆ ಮಿಕ್ಕಿ ಕಾರಿನಿಂದ ಇಳಿಯುತ್ತಿದ್ದನೇ ಎಂಬುದು ಅವರ ಪ್ರಶ್ನೆ. ಆ ಪಾಠ ಆದ ಮೇಲೆಯೂ ಅವನು ತನ್ನ ಸಲುವಾಗಿ ಎಲ್ಲಿಯೂ ಮುಂದೆ ನುಗ್ಗಿದವನಲ್ಲ, ಬೆನ್ ಕಾಲಿಗೆ ಗುಂಡು ಬೀಳದಿದ್ದರೆ ಅವನು ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ ಎಂದು ನಾನು ಹೇಳಿದೆ. ಭಾವ ಸ್ವಲ್ಪ ಯೋಚಿಸಿ, “ಅದು ಹೌದು. ಆದರೆ ಇಳಿದ ಮೇಲೆ ಕೈ ನಡುಗಬಾರದಲ್ಲ? ಅದನ್ನು ಕಲಿಸಿದ್ದು ಯಾರು?” ಎಂದರು. ಕೈ ನಡುಗಿತೋ ಇಲ್ಲವೋ ಹೇಳಲು ನಮ್ಮಿಬ್ಬರಿಗೂ ಆಧಾರವಿಲ್ಲ. ಅಷ್ಟೂ ಹೊತ್ತು ಕ್ಯಾಮೆರಾ ಇದ್ದದ್ದು ಕಾರಿನೊಳಗೆ, ಬೆನ್ ಜೊತೆ.